ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿಗಳು: ಇತಿಹಾಸಕ್ಕಾಗಿ ಸಂಗ್ರಹಿಸಿದವರು ಅನುಭವ ತಿಳಿಸಿ

ಪ್ರಶ್ನೆ (ಹಾಸನ):
ಅಜ್ಜಿಯ ಪೆಟ್ಟಿಗೆಯಲ್ಲಿ ನಾಲ್ಕು ಬೆಳ್ಳಿ ರೂಪಾಯಿಗಳು ದೊರೆತಿವೆ. ಎರಡು 1862ರವು, ಒಂದು 1877ರದು, ಒಂದು 1918ರದು. ಎಲ್ಲವೂ ಸವೆದು ಕಪ್ಪಾಗಿವೆ. 1877ರ ನಾಣ್ಯಕ್ಕೆ ಸರಕ್ಕೆ ಪೋಣಿಸುವ ಕೊಂಡಿಯನ್ನು ಬೆಸೆದಿದ್ದಾರೆ. ಲಾಭದ ಆಸೆಯಿಲ್ಲದೆ, ಇತಿಹಾಸದ ದೃಷ್ಟಿಯಿಂದ 1835ರಿಂದ 1945ರವರೆಗಿನ ಸಾಮಾನ್ಯ ರೂಪಾಯಿಗಳನ್ನು ತಿಂಗಳಿಗೆ ಎರಡು ಸಾವಿರದ ಮಿತಿಯಲ್ಲಿ ಕೂಡಿಸಬೇಕೆಂದಿದ್ದೇನೆ. ಇವನ್ನು ತೊಳೆಯಬೇಕೇ? ಕೊಂಡಿ ತೆಗೆಸಬೇಕೇ? ಮುಂದೆ ಯಾವುದನ್ನು ಕೊಳ್ಳಬೇಕು?

ಉತ್ತರ (ಧಾರವಾಡ, ನಿವೃತ್ತ ಶಿಕ್ಷಕ):
ನಾನು ಸವೆದ ನಾಣ್ಯಗಳನ್ನು ಮಾತ್ರ ಕೊಳ್ಳುತ್ತೇನೆ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಸಂತೆ, ಕಂದಾಯ, ವರದಕ್ಷಿಣೆ, ಸಾಲ ಎಲ್ಲವನ್ನೂ ಹಾದು ಬಂದ ರೂಪಾಯಿಗೆ ಇರುವ ಇತಿಹಾಸ ಟಂಕಸಾಲೆಯ ಚೀಲದಿಂದ ನೇರವಾಗಿ ಕಪಾಟು ಸೇರಿದ ರೂಪಾಯಿಗೆ ಇರುವುದಿಲ್ಲ. ಚಿನಿವಾರರ ಅಂಗಡಿಯಲ್ಲಿ ಕರಗಿಸಲು ಇಟ್ಟ ರಾಶಿಯಿಂದ, ಬೆಳ್ಳಿಯ ದರದ ಮೇಲೆ ನೂರು ರೂಪಾಯಿ ಹೆಚ್ಚು ಕೊಟ್ಟು ಆರಿಸಿಕೊಂಡು ಬಂದೆ. 1840ರದು 450ಕ್ಕೆ ಬಂತು, 1835ರ ನಾಲ್ಕನೆಯ ವಿಲಿಯಂ ರೂಪಾಯಿಗೆ ಮಾತ್ರ 1,600 ತೆರಬೇಕಾಯಿತು. ಅನಂತರ ಬೆಳ್ಳಿ ಏರಿತು. ಕಿಲೋಗೆ ಒಂದು ಲಕ್ಷವೆಂದರೆ ಒಂದು ರೂಪಾಯಿಯಲ್ಲಿರುವ 10.69 ಗ್ರಾಂ ಶುದ್ಧ ಬೆಳ್ಳಿಗೇ 1,069 ಆಗುತ್ತದೆ. ಬೆಳ್ಳಿ ಆ ಮಟ್ಟವನ್ನು ದಾಟಿದ ಮೇಲೆ ಅಂಗಡಿಯವರು ರಾಶಿಯನ್ನು ಆರಿಸಲು ಬಿಡದೆ ನೇರವಾಗಿ ಕುಲುಮೆಗೆ ಕಳುಹಿಸತೊಡಗಿದ್ದಾರೆ. ನನಗೆ ಅತ್ಯಂತ ನೋವು ತಂದಿರುವ ಸಂಗತಿ ಇದು.

ನಿಮ್ಮ 1918ರ ರೂಪಾಯಿ ಎಲ್ಲೆಡೆ ಸಿಗುವಂಥದು, ಆದರೆ ಅದರ ಕಥೆ ದೊಡ್ಡದು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಸರ್ಕಾರ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಜನ ಕಾಗದವನ್ನು ನಂಬದೆ ನಾಣ್ಯವನ್ನೇ ಕೇಳಿದರು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆಯನ್ನು ಮಾಡಿ, ಬೆಳ್ಳಿ ಡಾಲರುಗಳನ್ನು ಕರಗಿಸಿ, ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕಾಗಿ ಬ್ರಿಟನ್ನಿಗೆ ಮಾರಿತು.

ಉತ್ತರ (ಬೆಂಗಳೂರು):
ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅಕ್ಷರವೇ ಓದಲಾಗದ ನಾಣ್ಯದಲ್ಲಿ ಇತಿಹಾಸವನ್ನು ಹೇಗೆ ಓದುತ್ತೀರಿ? ಕಿರೀಟದ ಎಳೆಗಳು, ನಿಲುವಂಗಿಯ ಹೂಗಳು ಸ್ಪಷ್ಟವಾಗಿ ಕಾಣುವ ಒಂದೇ ನಾಣ್ಯ ಹತ್ತು ಸವೆದ ಬಿಲ್ಲೆಗಳಿಗಿಂತ ಮೇಲು. ಆದರೆ ಹರಾಜಿನಲ್ಲಿ ಎಚ್ಚರವಿರಲಿ. ಹೊಸತರಂತಿದೆ ಎಂದು ವರ್ಣಿಸಿದ್ದ ಏಳನೆಯ ಎಡ್ವರ್ಡ್ ರೂಪಾಯಿಯನ್ನು 9,000ಕ್ಕೆ ಕೂಗಿದೆ. ಶೇ 15ರ ಕಮಿಷನ್, ತೆರಿಗೆ, ವಿಮೆ, ಕೊರಿಯರ್ ಸೇರಿ 11,200 ಆಯಿತು. ಬಂದದ್ದು ಉಜ್ಜಿ ಹೊಳಪು ಬರಿಸಿದ ನಾಣ್ಯ. ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳು. ಮರಳಿ ಪಡೆಯಲು ಒಪ್ಪಲಿಲ್ಲ, ಬೇರೆ ವ್ಯಾಪಾರಿ ಕೊಡಲು ಬಂದದ್ದು 2,300. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಯಾವುದನ್ನೂ ಮುಟ್ಟಿಸಬೇಡಿ. ಸಂಗ್ರಹಿಸುವುದಾದರೆ 1911ರದರಿಂದಲೇ ಆರಂಭಿಸಿ, ಅದು ಅಪರೂಪ.

ಉತ್ತರ (ಕಲಬುರಗಿ):
1835ರಿಂದ 1945 ಎಂದು ಬರೆದವರೆಲ್ಲರೂ ಈಸ್ಟ್ ಇಂಡಿಯಾ ಕಂಪನಿಯ ಮತ್ತು ರಾಣಿಯ ರೂಪಾಯಿಯನ್ನೇ ರೂಪಾಯಿ ಎಂದುಕೊಂಡಿದ್ದೀರಿ. ಕಲಬುರಗಿ, ಬೀದರ, ರಾಯಚೂರುಗಳಲ್ಲಿ ನಮ್ಮ ಹಿರಿಯರು ಅದನ್ನು ಕಲ್ದಾರ್ ಎಂದು ಕರೆದು ಬೇರೆ ಇಡುತ್ತಿದ್ದರು. ದಿನಬಳಕೆಗೆ ಇದ್ದದ್ದು ಹೈದರಾಬಾದಿನ ನಿಜಾಮರ ರೂಪಾಯಿಯಾದ ಹಾಲಿ ಸಿಕ್ಕಾ. ಏಳು ಹಾಲಿಗೆ ಆರು ಕಲ್ದಾರ್ ಎಂಬ ಲೆಕ್ಕ ನಮ್ಮ ಅಜ್ಜನ ನಾಲಿಗೆಯ ಮೇಲೇ ಇತ್ತು. ಹಾಲಿಯದು 11.18 ಗ್ರಾಂ ತೂಕ, ಶೇ 81.8 ಬೆಳ್ಳಿ. ನಾಣ್ಯದ ಮೇಲಿನ ಚಾರ್‌ಮಿನಾರಿನ ಚಿತ್ರದ ಬಾಗಿಲೊಳಗೆ ಉರ್ದು ಲಿಪಿಯ ‘ಮೀಮ್’ ಅಕ್ಷರವಿದ್ದರೆ ಮಹಬೂಬ್ ಅಲಿ ಖಾನರ ಕಾಲ, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನರದು. ಇದನ್ನು ಬೆಂಗಳೂರಿನ ಮೇಳವೊಂದಕ್ಕೆ ಒಯ್ದಾಗ, ಬೆಳ್ಳಿ ಕಡಿಮೆಯೆಂದು ಮಾರಾಟಗಾರರೊಬ್ಬರು ಕೈಯಲ್ಲೂ ಹಿಡಿಯಲಿಲ್ಲ. ಆ ಅವಮಾನ ಇನ್ನೂ ಆರಿಲ್ಲ.

ಧಾರವಾಡ:
ಬೆಂಗಳೂರಿನ ಮಹನೀಯರೇ, ಸವೆದ ಬಿಲ್ಲೆ ಎಂಬ ಮಾತನ್ನು ಹಿಂದೆಗೆದುಕೊಳ್ಳಿ. 1911ರದು ಅಪರೂಪವೆಂಬುದೂ ಅತಿಶಯೋಕ್ತಿ. ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತೆಂದು ಜನ ಆಕ್ಷೇಪಿಸಿದ್ದರಿಂದ ಆ ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಲ್ಲಿ ಸೊಂಡಿಲನ್ನು ತಿದ್ದಿದರು. ಆದರೂ ಅಷ್ಟರೊಳಗೆ ಸುಮಾರು ಏಳು ಲಕ್ಷ ನಾಣ್ಯಗಳು ಹೊರಗೆ ಹೋಗಿದ್ದವು. ಈ ಕಥೆಯನ್ನು ಹೇಳಿಯೇ ವ್ಯಾಪಾರಿಗಳು ಬೆಲೆಯನ್ನು ಏರಿಸುತ್ತಾರೆ.

ಬೆಂಗಳೂರು:
90 ಲಕ್ಷಕ್ಕೂ ಹೆಚ್ಚು ಅಚ್ಚಾಗಿ ಏಳು ಲಕ್ಷ ಮಾತ್ರ ಹೊರಬಿದ್ದ ನಾಣ್ಯವನ್ನು ಅಪರೂಪ ಎನ್ನದೆ ಏನೆನ್ನಬೇಕು? ನೀವು ಅದನ್ನು ಕೊಳ್ಳಲಾಗಲಿಲ್ಲವೆಂಬ ಕಾರಣಕ್ಕೆ ಅದು ಸಾಮಾನ್ಯವಾಗುವುದಿಲ್ಲ.

ಧಾರವಾಡ:
ಪಿಂಚಣಿಯಲ್ಲಿ ಕೊಳ್ಳುವವನನ್ನು ಹೀಗೆ ಹಂಗಿಸುವುದು ಸಭ್ಯತೆಯಲ್ಲ. ಪ್ರಶ್ನೆ ಕೇಳಿದವರ ಮಿತಿ ತಿಂಗಳಿಗೆ ಎರಡು ಸಾವಿರ ಎಂಬುದನ್ನಾದರೂ ನೀವು ಓದಿದ್ದೀರಾ?

ಉತ್ತರ (ಮಂಗಳೂರು, ಗೃಹಿಣಿ):
ಇಬ್ಬರೂ ಕೊಂಡಿಯ ಬಗ್ಗೆ ಒಂದು ಮಾತನ್ನೂ ಆಡಿಲ್ಲ. ನಮ್ಮ ಅತ್ತೆಯವರ ಕಾಸಿನ ಸರದಲ್ಲಿ ರಾಣಿ ಛಾಪಿನ ರೂಪಾಯಿಗಳು ಹನ್ನೊಂದಿದ್ದವು. ಆಸ್ತಿ ಪಾಲಾದಾಗ ಮೈದುನರು ಕೊಂಡಿಗಳನ್ನು ತೆಗೆಸಿದರು. ಅಕ್ಕಸಾಲಿಗರು ಒಂದಕ್ಕೆ 150ರಂತೆ 1,650 ಪಡೆದು, ಬೆಂಕಿ ತಾಗಿಸಿ, ಅರದಿಂದ ಅಂಚನ್ನು ಉಜ್ಜಿ, ಆಮ್ಲದಲ್ಲಿ ಅದ್ದಿ ಬೆಳ್ಳಗೆ ಮಾಡಿ ಕೊಟ್ಟರು. ಅಂಚಿನಲ್ಲಿ ಟಂಕಸಾಲೆಯೇ ಮೂಡಿಸಿದ್ದ ಗೀರುಗಳೆಲ್ಲ ಹೋದವು, ತೂಕ ಇಳಿಯಿತು, ಕೊಳ್ಳಲು ಬಂದವರು ಕರಗಿಸುವ ಬೆಲೆಯನ್ನಷ್ಟೇ ಹೇಳಿದರು. ನಾನು ಬೇಡವೆಂದು ಅಂಗಲಾಚಿದ್ದೆ, ಯಾರೂ ಕೇಳಲಿಲ್ಲ. ಕೊಂಡಿ ಆ ನಾಣ್ಯಕ್ಕೆ ಕಳಂಕವಲ್ಲ. ಬ್ಯಾಂಕು ಕಾಣದ ಹೆಣ್ಣುಮಕ್ಕಳು ತಮ್ಮ ಹಣವನ್ನು ಕೊರಳಲ್ಲೇ ಉಳಿಸಿದ್ದಕ್ಕೆ ಅದು ದಾಖಲೆ.

ನಿಮ್ಮ 1877ರದರಲ್ಲಿ ವಿಕ್ಟೋರಿಯಾಳ ಬಿರುದು ರಾಣಿಯಿಂದ ಚಕ್ರವರ್ತಿನಿಗೆ ಬದಲಾಗಿರುವುದನ್ನು ನೋಡಿ. ಆ ವರ್ಷದ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ಆ ಬಿರುದನ್ನು ಸಾರಿದರು. ಅದೇ ಹೊತ್ತಿನಲ್ಲಿ ಮೈಸೂರು ಸೀಮೆಯಲ್ಲಿ, ಸಂವತ್ಸರಗಳ ಹೆಸರಿನಿಂದ ಕರೆಯುವ ಧಾತು ಈಶ್ವರ ಬರದಿಂದ ಜನ ಸಾಯುತ್ತಿದ್ದರು. ಹಾಸನದ ಮನೆಯಲ್ಲಿ ಸಿಕ್ಕ ಆ ನಾಣ್ಯದ ಕೊಂಡಿಯನ್ನು ದಯವಿಟ್ಟು ಕೀಳಿಸಬೇಡಿ.

ಬೆಂಗಳೂರು:
ಮೇಡಂ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಕೊಂಡಿಯಿರುವ ನಾಣ್ಯ ಆಭರಣವೇ ಹೊರತು ಸಂಗ್ರಹಯೋಗ್ಯ ನಾಣ್ಯವಲ್ಲ.

ಮಂಗಳೂರು:
ಸಂಗ್ರಹಯೋಗ್ಯವೇ ಎಂದು ಪ್ರಶ್ನೆ ಕೇಳಿದವರು ಕೇಳಿಲ್ಲ. ಇತಿಹಾಸಕ್ಕಾಗಿ ಎಂದು ಮೊದಲ ಪ್ಯಾರಾದಲ್ಲೇ ಬರೆದಿದ್ದಾರೆ.

ಕಲಬುರಗಿ:
ಹಾಲಿ ಸಿಕ್ಕಾದ ಬಗ್ಗೆ ಇನ್ನೂ ಯಾರೂ ಮಾತನಾಡಿಲ್ಲ ಎಂಬುದನ್ನು ಗಮನಿಸುತ್ತಿದ್ದೇನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಕೊಂಡಿಯನ್ನು ಹಾಗೆಯೇ ಉಳಿಸುತ್ತೇನೆ, ತೊಳೆಯುವುದಿಲ್ಲ. 1862ರವು ಎರಡೂ ಒಂದೇ ಆದ್ದರಿಂದ ಒಂದನ್ನು ಕೊಟ್ಟು ಚಾರ್‌ಮಿನಾರ್ ರೂಪಾಯಿಯನ್ನು ಪಡೆಯಬಹುದೇ?

ಧಾರವಾಡ:
ಕೊಡುವ ಮೊದಲು ವರ್ಷದ ಅಂಕಿಯ ಮೇಲೆ ಮತ್ತು ಕೆಳಗೆ ಭೂತಗನ್ನಡಿ ಹಿಡಿದು ಚುಕ್ಕೆಗಳನ್ನು ಎಣಿಸಿ. 1874ರಲ್ಲಿ ವರ್ಷ ಬದಲಾಗುವವರೆಗೂ ಟಂಕಸಾಲೆಗಳು 1862 ಎಂದೇ ಅಚ್ಚು ಹಾಕುತ್ತಿದ್ದವು. ಅಚ್ಚಾದ ನಿಜವಾದ ವರ್ಷದ ಗುರುತುಗಳು ಆ ಚುಕ್ಕೆಗಳೆಂದು ಸಂಗ್ರಾಹಕರು ತಿಳಿಯುತ್ತಾರೆ. ಚುಕ್ಕೆಗಳು ಬೇರೆಯಾಗಿದ್ದರೆ ನಿಮ್ಮಲ್ಲಿರುವವು ಎರಡು ಬೇರೆ ನಾಣ್ಯಗಳು.

ಬೆಂಗಳೂರು:
ಈ ಒಂದು ಮಾತನ್ನು ಒಪ್ಪುತ್ತೇನೆ. ಜೊತೆಗೆ, 1940ರಿಂದ 1945ರವರೆಗಿನ ಆರನೆಯ ಜಾರ್ಜ್ ರೂಪಾಯಿಗಳನ್ನು 1862ರದರ ಬೆಲೆಗೆ ಕೊಳ್ಳಬೇಡಿ. ತೂಕ ಅದೇ 11.66 ಗ್ರಾಂ ಇದ್ದರೂ ಬೆಳ್ಳಿ ಅರ್ಧ ಮಾತ್ರ, ಅಂದರೆ 5.83 ಗ್ರಾಂ. ಅಂಚಿನ ನಡುವೆ ಸುತ್ತಲೂ ಓಡುವ ಕಾಲುವೆಯಂಥ ಗೆರೆ ಇದ್ದರೆ ಅದು ಆ ಹೊಸ ಮಿಶ್ರಲೋಹದ ರೂಪಾಯಿ. ನನಗೆ ಇಂಥದ್ದನ್ನೇ ಪೂರ್ಣ ಬೆಳ್ಳಿಯೆಂದು ಹೇಳಿ 1,400ಕ್ಕೆ ಮಾರಿದ್ದರು.