ಮಗ್ಗ ಹೊಸದು, ನೂಲು ಒಳ್ಳೆಯದು, ಆದರೂ ಡ್ಯಾಮೇಜ್ ಯಾಕೆ ಇಳಿಯುತ್ತಿಲ್ಲ?

ನೂಲೆಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ನಮ್ಮದೊಂದು ನೇಯ್ಗೆ ಘಟಕ ಇದೆ, ಅಪ್ಪ ಮತ್ತು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ.

ಬಂಡವಾಳ ಇಲ್ಲ, ಯಂತ್ರ ಹಳೆಯದು, ಅದಕ್ಕೇ ಬಡ ದೇಶಗಳ ಕಾರ್ಖಾನೆಗಳು ಹಿಂದೆ ಬಿದ್ದಿವೆ ಎಂದು ಕ್ಲಾಸಿನಲ್ಲಿ ಕೇಳುತ್ತೇನೆ. ನಮ್ಮಲ್ಲಿ ಮಗ್ಗಗಳೆಲ್ಲ ಹೊಸ ರೇಪಿಯರ್ (ಲಾಳಿ ಇಲ್ಲದೆ ನೇಯುವ ಯಂತ್ರ). ನೇಯುವವರು ಪಳಗಿದ ಕೈಗಳು. ಆದರೂ ಬಟ್ಟೆಯ ದೋಷ ತಿದ್ದುವ ಮೆಂಡಿಂಗ್ ಟೇಬಲ್ ಮೇಲೆ ಥಾನುಗಳ ರಾಶಿ ಕರಗುವುದೇ ಇಲ್ಲ. ಮ್ಯಾನೇಜ್‌ಮೆಂಟ್ ಸರಿಹೋದರೆ ಒಂದು ದೇಶದ ಉತ್ಪಾದಕತೆಯೇ ಏರುತ್ತದೆ ಎಂದು ಇತ್ತೀಚೆಗೆ ಓದಿದೆ. ಇದು ನಿಜವಾ? ಅಥವಾ ಸಲಹೆ ಕೊಡುವವರು ಫೀಸಿಗಾಗಿ ಹೇಳುವ ಮಾತಾ? ಅಪ್ಪನ ಹತ್ತಿರ ಮಾತೆತ್ತಿದರೆ "ಪಕ್ಕದವರದ್ದೂ ಹೀಗೇ ಇದೆ, ಲಾಭ ಬರ್ತಿದೆಯಲ್ಲ" ಅಂತಾರೆ.

ಲೆಕ್ಕಪುಸ್ತಕ

ಮ್ಯಾನೇಜ್‌ಮೆಂಟ್ ಮುಖ್ಯ, ಒಪ್ಪುತ್ತೇನೆ. ಆದರೆ ಕಾನೂನನ್ನು ಬಿಟ್ಟು ಮಾತಾಡಿದರೆ ಅರ್ಧ ಕಥೆಯಷ್ಟೇ ಆಗುತ್ತದೆ. ಕೆಲವು ಸರಕುಗಳನ್ನು ಸಣ್ಣ ಕೈಗಾರಿಕೆಗಳೇ ತಯಾರಿಸಬೇಕು ಎಂಬ ಮೀಸಲು ಪಟ್ಟಿ ನಮ್ಮಲ್ಲಿ 1967ರಲ್ಲಿ ಬಂತು. ಮುಂದೆ ಅದು 800 ಸರಕುಗಳನ್ನೂ ದಾಟಿ ಬೆಳೆಯಿತು. ಪೂರ್ತಿ ಹೋಗಿದ್ದು 2015ರಲ್ಲಿ. ಬೆಳೆದರೆ ಲೈಸೆನ್ಸಿಗೇ ತೊಂದರೆ ಅಂದಾಗ ಯಾರು ಬೆಳೆಯುತ್ತಿದ್ದರು? ಹತ್ತು ಜನ ಸಾಕಾಗುವ ಶೆಡ್‌ಗೆ ದೊಡ್ಡ ಮ್ಯಾನೇಜ್‌ಮೆಂಟ್ ಯಾಕೆ ಬೇಕು? ಕರೆಂಟು, ಸಾಲದ ಬಡ್ಡಿ, ಇವನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಳೇ ಶಿಫ್ಟ್

ನಾನು ತುಂಬಾ ವರ್ಷ ನೇಯ್ಗೆ ಮಿಲ್ಲಿನಲ್ಲಿ ಪ್ರೊಡಕ್ಷನ್ ನೋಡಿಕೊಂಡವನು. ನಿಮ್ಮ ಪ್ರಶ್ನೆ ನೋಡಿ ಬರೆಯದೆ ಇರಲಾಗಲಿಲ್ಲ. ಅಪ್ಪ ಹೇಳಿದ ಆ ಮಾತನ್ನು ನಾನು ಎಷ್ಟು ಮಾಲೀಕರ ಬಾಯಲ್ಲಿ ಕೇಳಿದ್ದೇನೋ! ಅವರದ್ದು ಅಹಂಕಾರ ಅಲ್ಲ. ಅವರ ಕಣ್ಣೆದುರಿಗಿರುವ ಅಳತೆಗೋಲೇ ಪಕ್ಕದ ಶೆಡ್.

ಇದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಮುಂಬೈ ಸುತ್ತಿನ ತಾರಾಪುರ, ಉಮರ್‌ಗಾಂವ್ ಕಡೆಯ ನೇಯ್ಗೆ ಕಂಪನಿಗಳನ್ನು ಆರಿಸಿಕೊಂಡರು. 17 ಕಂಪನಿ, 28 ಘಟಕ. ಕೆಲವಕ್ಕೆ ಒಂದು ಅಂತರರಾಷ್ಟ್ರೀಯ ಸಲಹಾ ಸಂಸ್ಥೆಯಿಂದ ಐದು ತಿಂಗಳು ಪುಕ್ಕಟೆ ಸಹಾಯ. ಮೊದಲ ತಿಂಗಳು ಎಲ್ಲಿ ಏನು ಎಡವಟ್ಟು ಅಂತ ನೋಡುವುದು, ಉಳಿದ ನಾಲ್ಕು ತಿಂಗಳು ಸರಿಮಾಡುವುದು. ಇನ್ನು ಕೆಲವಕ್ಕೆ ಆ ಒಂದು ತಿಂಗಳ ತಪಾಸಣೆ ಮಾತ್ರ. ಎರಡು ಗುಂಪುಗಳನ್ನೂ ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಹಾಗಾಗಿ ಒಳ್ಳೆ ಮಾಲೀಕರೇ ಮುಂದೆ ಬಂದು ಸೇರಿಕೊಂಡರು ಅನ್ನೋ ಹಾಗಿಲ್ಲ. ಫಲಿತಾಂಶ 2013ರಲ್ಲಿ ಅಚ್ಚಾಯಿತು. ಸಹಾಯ ಸಿಕ್ಕ ಘಟಕಗಳ ಉತ್ಪಾದಕತೆ ಮೊದಲ ವರ್ಷವೇ ಶೇ. 17ರಷ್ಟು ಏರಿತ್ತು. ಹೊಸ ಮಗ್ಗ ತಂದು ಏರಿಸಿದ್ದಲ್ಲ.

ಹಾಗಾದರೆ ಮಾಡಿದ್ದೇನು? 38 ಪದ್ಧತಿಗಳ ಒಂದು ಪಟ್ಟಿ ಹಿಡಿದುಕೊಂಡರು. ಅದರಲ್ಲಿ ಯಾವುದೂ ರಾಕೆಟ್ ವಿಜ್ಞಾನ ಅಲ್ಲ. ಯಾವ ಮಗ್ಗದಲ್ಲಿ ಯಾವ ದೋಷ ಬಂತು ಅಂತ ದಿನಾ ಬರೆಯುವುದು. ಮಗ್ಗ ಕೆಡುವ ಮೊದಲೇ ಸರ್ವಿಸ್ ಮಾಡಿಸುವುದು. ಗೋಡೌನಿನಲ್ಲಿ ಯಾವ ನೂಲು ಎಷ್ಟಿದೆ ಅಂತ ಲೆಕ್ಕ ಇಡುವುದು. ಶುರುವಿನಲ್ಲಿ ಆ ಘಟಕಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ನೇಯ್ದಾದ ಬಟ್ಟೆಯ ದೋಷ ತಿದ್ದುತ್ತಾ ಕೂತಿದ್ದರು. ನಿಮ್ಮ ಮೆಂಡಿಂಗ್ ಟೇಬಲ್ ನೆನಪಾಯಿತಾ?

ನನ್ನ ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. ಒಂದು ಮಗ್ಗದ ಬಟ್ಟೆಯಲ್ಲಿ ಎಡ ಅಂಚಿನ ಹತ್ತಿರ ಹಾಸಿನ (ಉದ್ದದ) ಎಳೆ ಪದೇ ಪದೇ ಕಡಿಯುತ್ತಿತ್ತು. ನೇಯುವವನು ಗಂಟು ಹಾಕಿ ಮಗ್ಗ ಓಡಿಸುತ್ತಿದ್ದ. ಮೆಂಡಿಂಗ್‌ನ ಹೆಂಗಸರು ಅದೇ ಜಾಗದಲ್ಲಿ ಸೂಜಿ ಹಿಡಿದು ಸರಿಮಾಡುತ್ತಿದ್ದರು. ಬೈಗುಳ ಮಾತ್ರ ನೂಲಿನವನಿಗೆ ಹೋಗುತ್ತಿತ್ತು. ಬರೆದಿಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಬೀಮ್ (ಹಾಸಿನ ನೂಲು ಸುತ್ತಿದ ಉರುಳೆ) ಬದಲಾದರೂ ದೋಷ ಅದೇ ಮಗ್ಗದಲ್ಲಿ, ಅದೇ ಜಾಗದಲ್ಲಿ ಇದೆ. ಹಣಿಗೆ (ಹಾಸಿನ ಎಳೆಗಳು ಹಾದುಹೋಗುವ ಬಾಚಣಿಗೆಯಂಥ ಭಾಗ) ಬಿಚ್ಚಿ ನೋಡಿದರೆ ಅಂಚಿನ ಒಂದೆರಡು ಹಲ್ಲು ಸವೆದು ಎಳೆಯನ್ನು ಕೊಯ್ಯುತ್ತಿದ್ದವು. ಇದಕ್ಕೆ ಬಂಡವಾಳ ಬೇಕಿರಲಿಲ್ಲ. ಒಂದು ನೋಟ್‌ಬುಕ್ಕು, ಅದನ್ನು ಬೆಳಿಗ್ಗೆ ಹತ್ತು ನಿಮಿಷ ನೋಡುವ ಒಬ್ಬ ಮನುಷ್ಯ, ಅಷ್ಟು ಸಾಕಿತ್ತು.

ಲೆಕ್ಕಪುಸ್ತಕ ಅವರ ಮಾತು ಸುಳ್ಳಲ್ಲ. ಬೇರೆ ಬೇರೆ ದೇಶಗಳ ಕಂಪನಿಗಳನ್ನು ಹೋಲಿಸಿ ನೋಡಿದ ಬ್ಲೂಮ್, ಸಾಡುನ್, ವ್ಯಾನ್ ರೀನನ್ ಕೂಡ ಉತ್ಪಾದಕತೆಯ ಅಂತರದಲ್ಲಿ ಸುಮಾರು ಶೇ. 30 ಮಾತ್ರ ಮ್ಯಾನೇಜ್‌ಮೆಂಟ್ ಲೆಕ್ಕಕ್ಕೆ ಅಂತಾರೆ. ಉಳಿದದ್ದು ಬೇರೆ ಕಾರಣ. ಆದರೆ ಕಾನೂನು ಬದಲಾಗಲಿ ಅಂತ ಕಾಯುತ್ತಾ ಕೂತವರಿಗೆ ಆ ಶೇ. 30 ಯಾರೂ ತಂದು ಕೊಡುವುದಿಲ್ಲ. ಅದು ಅವರ ಶೆಡ್ಡಿನೊಳಗೇ ಇದೆ.

ಹೊಲಿಗೆ ಲೈನ್

ನಾನು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಹಳೇ ಶಿಫ್ಟ್ ಸರ್, ನೀವು ಹೇಳಿದ್ದು ಪೂರ್ತಿ ಸರಿ. ಒಂದು ಮಾತು ಸೇರಿಸಲೇಬೇಕು. ದೋಷ ಬರೆಯುವ ಪುಸ್ತಕ ಕೂಲಿ ಕಡಿತದ ಪುಸ್ತಕ ಆದ ದಿನವೇ ಸತ್ತುಹೋಗುತ್ತದೆ. ನಾನು ಮೊದಲು ಇದ್ದ ಕಡೆ ಹಾಗೇ ಆಯಿತು. ತಪ್ಪು ಹೊಲಿಗೆ ಬರೆದವಳ ಇನ್ಸೆಂಟಿವ್ ಕಟ್ ಮಾಡಿದರು. ಮಾರನೇ ವಾರದಿಂದ ಬೋರ್ಡ್ ಮೇಲೆ ಎಲ್ಲಾ ಸೊನ್ನೆ. ಬಾಕ್ಸಿನಲ್ಲಿ ಮಾತ್ರ ಅದೇ ಡ್ಯಾಮೇಜ್ ಪೀಸುಗಳು. ಹೆಣ್ಣುಮಕ್ಕಳು ಸುಳ್ಳು ಹೇಳುವವರಲ್ಲ, ಸಂಬಳ ಉಳಿಸಿಕೊಳ್ಳಬೇಕಿತ್ತು ಅಷ್ಟೇ.

ಇನ್ನೊಂದು, ಕೆಲಸಗಾರರಿಗೆ ಕಲಿಸಿದರೆ ಬಿಟ್ಟು ಹೋಗುತ್ತಾರೆ ಅಂತ ಮಾಲೀಕರು ಹೆದರುತ್ತಾರೆ ಅಲ್ವಾ? ಬಾಂಗ್ಲಾದೇಶ ನೋಡಿ. ಅಲ್ಲಿನ ದೇಶ್ ಗಾರ್ಮೆಂಟ್ಸ್ ಕಂಪನಿ ಕೊರಿಯಾದ ಡೇವೂ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು 1979ರಲ್ಲಿ 130 ಜನರನ್ನು ತರಬೇತಿಗೆ ಕೊರಿಯಾಕ್ಕೆ ಕಳಿಸಿತು. ಮುಂದೆ ಅವರಲ್ಲಿ 115 ಜನ ಬಿಟ್ಟುಹೋಗಿ ಬೇರೆ ಗಾರ್ಮೆಂಟ್ ಕಂಪನಿ ಸೇರಿದರು ಅಥವಾ ತಾವೇ ತೆರೆದರು. ಆ ಕಂಪನಿಗೆ ನಷ್ಟ ಅನ್ನಿ. ಆದರೆ ಆ ದೇಶದಲ್ಲಿ ಒಂದು ಉದ್ಯಮವೇ ಎದ್ದು ನಿಂತಿತು, ಲಕ್ಷಗಟ್ಟಲೆ ಹೆಂಗಸರಿಗೆ ಕೆಲಸ ಸಿಕ್ಕಿತು.

ನೂಲೆಳೆ

ಎಲ್ಲರಿಗೂ ಥ್ಯಾಂಕ್ಸ್. ಹಣಿಗೆಯ ವಿಷಯ ಓದಿ ಇವತ್ತೇ ಶೆಡ್ಡಿಗೆ ಹೋಗಿ ನೋಡಬೇಕು ಅನಿಸಿತು. ಆದರೆ ಒಂದು ಅನುಮಾನ. ಇಷ್ಟು ಲಾಭ ಇದ್ದರೆ ಇಷ್ಟು ದಿನ ಯಾರೂ ಯಾಕೆ ಮಾಡಲಿಲ್ಲ? ಸ್ಪರ್ಧೆ ಇದ್ದರೆ ಕೆಟ್ಟದಾಗಿ ನಡೆಸುವವರು ಮುಚ್ಚಿಕೊಂಡು ಹೋಗಬೇಕು ಅಂತ ಪುಸ್ತಕ ಹೇಳುತ್ತದಲ್ಲ.

ಹಳೇ ಶಿಫ್ಟ್

ಒಳ್ಳೆ ಪ್ರಶ್ನೆ. ಹೊಲಿಗೆ ಲೈನ್ ಮೇಡಂ ಹೇಳಿದ್ದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ.

ಚೆನ್ನಾಗಿ ನಡೆಸುವ ಕಂಪನಿ ಬೆಳೆದು ಉಳಿದವರ ಗಿರಾಕಿಗಳನ್ನು ಎಳೆದುಕೊಂಡರೆ ತಾನೇ ಕೆಟ್ಟವರು ಮುಚ್ಚುವುದು? ನಮ್ಮಲ್ಲಿ ಅದು ಬೆಳೆಯುವುದೇ ಇಲ್ಲ. ಯಾಕೆ ಅಂದರೆ ಮಾಲೀಕ ಹೊರಗಿನವರನ್ನು ನಂಬುವುದಿಲ್ಲ. ಮುಂಬೈ ಸುತ್ತಿನ ಅದೇ ಅಧ್ಯಯನದಲ್ಲಿ ಒಂದು ಸಂಗತಿ ನನ್ನ ಎದೆಗೆ ನಾಟಿತು. ಕಂಪನಿ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಮನೆಯಲ್ಲಿ ಎಷ್ಟು ಗಂಡುಮಕ್ಕಳಿದ್ದಾರೆ ಎನ್ನುವುದರ ಮೇಲೆ ನಿಂತಿತ್ತು. ಎರಡನೇ ಘಟಕ ಬೇಕಾದರೆ ಎರಡನೇ ಮಗ ಅಥವಾ ತಮ್ಮ ಬೇಕು. ಹೊರಗಿನ ಮ್ಯಾನೇಜರ್ ಕೈಗೆ ನೂಲು, ದುಡ್ಡು ಕೊಟ್ಟರೆ ಕದಿಯುತ್ತಾನೆ ಎಂಬ ಭಯ. ಆ ಭಯವೂ ಸುಮ್ನೆ ಬಂದದ್ದಲ್ಲ. ಕೋರ್ಟಿಗೆ ಹೋದರೆ ಕೇಸು ಎಷ್ಟು ವರ್ಷ ಎಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಲೆಕ್ಕಪುಸ್ತಕ ಅವರ ಕಾನೂನಿನ ಮಾತು ಇಲ್ಲಿ ಮತ್ತೆ ಬರುತ್ತದೆ ನೋಡಿ. (ಮನೆಯ ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ತಗೊಳ್ಳದೆ ಇರುವುದು ಎಂಥ ನಷ್ಟ ಅಂತಲೂ ನನಗೆ ಅನಿಸುತ್ತದೆ.)

ಅದೇ ತಂಡದವರು 2017ರಲ್ಲಿ ಮತ್ತೆ ಹೋಗಿ ನೋಡಿದರು. ಶುರುಮಾಡಿದ್ದ ಪದ್ಧತಿಗಳಲ್ಲಿ ಸುಮಾರು ಅರ್ಧ ನಿಂತುಹೋಗಿದ್ದವು. ಮ್ಯಾನೇಜರ್ ಬದಲಾದದ್ದು, ಮಾಲೀಕರಿಗೆ ಪುರುಸೊತ್ತು ಇಲ್ಲದ್ದು ದೊಡ್ಡ ಕಾರಣಗಳು. ಉಳಿದ ಅರ್ಧ ಗಟ್ಟಿಯಾಗಿ ನಿಂತಿತ್ತು, ಅದೇ ಕಂಪನಿಗಳ ಬೇರೆ ಘಟಕಗಳಿಗೂ ಹಬ್ಬಿತ್ತು.

ಹಾಗಾಗಿ ನೀವು ಅಪ್ಪನ ಹತ್ತಿರ ಮ್ಯಾನೇಜ್‌ಮೆಂಟ್ ಅನ್ನೋ ಪದವನ್ನೇ ಎತ್ತಬೇಡಿ. ಒಂದು ಮಗ್ಗ ಆರಿಸಿ. ಹೆಚ್ಚು ಮೆಂಡಿಂಗ್ ಬರುವುದೇ ಆಗಲಿ. ಒಂದು ತಿಂಗಳು ಮಗ್ಗ ನಿಂತ ಹೊತ್ತು, ಕಾರಣ, ದೋಷದ ಜಾಗ ಬರೆಸಿ. ಬರೆದವರಿಗೆ ಒಂದು ಪೈಸೆ ಕಡಿತ ಇಲ್ಲ ಅಂತ ಅಪ್ಪನೇ ಎಲ್ಲರೆದುರು ಹೇಳಲಿ. ಅದರ ಜೊತೆಗೇ ಮೇಸ್ತ್ರಿಗೆ ಎರಡು ಅಧಿಕಾರ ಕೊಡಿಸಿ: ದೋಷ ಕಂಡರೆ ಯಾರನ್ನೂ ಕೇಳದೆ ಮಗ್ಗ ನಿಲ್ಲಿಸುವುದು, ಒಂದು ಮಿತಿಯೊಳಗಿನ ಬಿಡಿಭಾಗವನ್ನು ತಾನೇ ತರಿಸುವುದು. ತಿಂಗಳ ಕೊನೆಗೆ ಆ ಮಗ್ಗದ ಮೀಟರ್ ಲೆಕ್ಕವನ್ನೂ ಪಕ್ಕದ ಮಗ್ಗದ್ದನ್ನೂ ಅಪ್ಪನ ಮುಂದೆ ಇಡಿ. ಚಿಕ್ಕಪ್ಪನೂ ಅಲ್ಲಿರಲಿ. ನೂಲು ತರಿಸುವವರು ಅವರೇ ಆಗಿದ್ದರೆ ಗೋಡೌನ್ ಲೆಕ್ಕ ಶುರುಮಾಡಲು ಅವರ ಒಪ್ಪಿಗೆಯೇ ಮೊದಲು ಬೇಕಾಗುತ್ತದೆ.