ಸಹಾಯ ಬೇಕು: ಸ್ಕ್ಯಾನ್ ವೇಗ ಹೆಚ್ಚಿಸಿದರೆ ಗ್ರಾಫೀನ್ ಎಲೆಕ್ಟ್ರೋಡ್ ಕೈಕೊಡುತ್ತಿದೆ
ಸೂಪರ್‌ಕೆಪಾಸಿಟರ್ (ಎಲೆಕ್ಟ್ರೋಡ್ ಮೇಲ್ಮೈಗೆ ಅಯಾನುಗಳನ್ನು ಸೆಳೆದು ವಿದ್ಯುತ್ ಕೂಡಿಡುವ ಸಾಧನ) ಕೆಲಸ ಗೊತ್ತಿರುವವರು ದಯವಿಟ್ಟು ನೋಡಿ. ಹಮ್ಮರ್ಸ್ ವಿಧಾನದ (ಗ್ರಾಫೈಟನ್ನು ಉತ್ಕರ್ಷಿಸಿ ಮಾಡುವ) ಗ್ರಾಫೀನ್ ಆಕ್ಸೈಡನ್ನು ಹೈಡ್ರಜೀನ್‌ನಿಂದ 95 ಡಿಗ್ರಿಯಲ್ಲಿ ಅಪಕರ್ಷಿಸಿ (ಆಮ್ಲಜನಕ ತೆಗೆದು), ತೊಳೆದು, 60 ಡಿಗ್ರಿ ಓವನ್‌ನಲ್ಲಿ ಒಣಗಿಸಿದ ಪುಡಿ ಇದು. ಪುಡಿ 80, ಕಾರ್ಬನ್ ಬ್ಲ್ಯಾಕ್ 10, ಅಂಟಾಗಿ ಪಿವಿಡಿಎಫ್ ಪಾಲಿಮರ್ 10 ಭಾಗ. ಎನ್‌ಎಂಪಿ ದ್ರಾವಕದಲ್ಲಿ ಕಲಸಿ 1 ಚದರ ಸೆಂ.ಮೀ. ನಿಕ್ಕಲ್ ಫೋಮ್‌ಗೆ ಸುಮಾರು 4 ಮಿ.ಗ್ರಾಂ. ಹಚ್ಚಿದೆ. ಎಲೆಕ್ಟ್ರೋಲೈಟ್ 6 ಮೋಲಾರ್ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್), ವೋಲ್ಟೇಜ್ ವ್ಯಾಪ್ತಿ ಪಾದರಸ/ಪಾದರಸದ ಆಕ್ಸೈಡ್ ಎಲೆಕ್ಟ್ರೋಡ್‌ಗೆ ಹೋಲಿಸಿ -1ರಿಂದ 0 ವೋಲ್ಟ್.

ಸೆಕೆಂಡಿಗೆ 5 ಮಿಲಿವೋಲ್ಟ್ ಸ್ಕ್ಯಾನ್ ವೇಗದಲ್ಲಿ ಗ್ರಾಂಗೆ 160 ಫ್ಯಾರಡ್ ಬರುತ್ತದೆ. 100ಕ್ಕೆ ಏರಿಸಿದರೆ 60 ದಾಟುವುದಿಲ್ಲ, ಸಿವಿಯ (ವೋಲ್ಟೇಜ್ ಏರಿಳಿಸಿ ಕರೆಂಟ್ ಅಳೆಯುವ ಗ್ರಾಫ್‌ನ) ಆಯತ ಓರೆಯಾಗಿ ಎಲೆಯಾಕಾರಕ್ಕೆ ತಿರುಗುತ್ತದೆ. ಕೆಒಎಚ್ ಹನಿ ಹಾಕಿದರೆ ಮೇಲೆಯೇ ದುಂಡಗೆ ಕೂರುತ್ತದೆ, ಇಂಗಲು ನಿಮಿಷಗಳೇ ಬೇಕು. ಬರಿ ಫೋಮ್‌ನ ಪಾಲು ಪ್ರತ್ಯೇಕವಾಗಿ ಅಳೆದಾಗಿದೆ, ಈ ವ್ಯಾಪ್ತಿಯಲ್ಲಿ ಅದು ತೀರಾ ಕಡಿಮೆ.

ಅನುಮಾನ ಎರಡು: ಓವನ್‌ನಲ್ಲಿ ಒಣಗುವಾಗ ನೀರಿನ ಸೆಳೆತಕ್ಕೆ ಹಾಳೆಗಳು ಮತ್ತೆ ಒಂದರ ಮೇಲೊಂದು ಅಂಟಿಕೊಂಡು ಅಯಾನುಗಳಿಗೆ ದಾರಿ ಮುಚ್ಚಿರುವುದು; ನೀರನ್ನು ದೂರವಿಡುವ ಪಿವಿಡಿಎಫ್. ಅದು ಗಾಢ ಕ್ಷಾರದಲ್ಲಿ ಕೆಡುತ್ತದೆ ಕೂಡ, ಹಾಗಾಗಿ ಪಿಟಿಎಫ್‌ಇ (ಟೆಫ್ಲಾನ್) ಅಂಟು 5 ಭಾಗಕ್ಕೆ ಬದಲಿಸುವುದು ಹೇಗೂ ಖಚಿತ. ಗೊಂದಲ ಮೊದಲನೆಯದರಲ್ಲೇ: ಓವನ್ ಬಿಟ್ಟು ಫ್ರೀಜ್ ಡ್ರೈಯಿಂಗ್ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು) ಮಾಡಿದರೆ ಸಾಕೇ, ಅಥವಾ ಅಪಕರ್ಷಣೆಗೆ ಮೊದಲೇ ಹಾಳೆಗಳು ಅಂಟದಂತೆ ನಡುವೆ 10 ಶೇಕಡಾ ಕಾರ್ಬನ್ ನ್ಯಾನೋಟ್ಯೂಬ್ ಸೇರಿಸಬೇಕೇ? ಎರಡನ್ನೂ ಹೋಲಿಸಿ ನೋಡಿದವರು 4 ಮಿ.ಗ್ರಾಂ. ಹೊರೆಯಲ್ಲಿ ಸಿಕ್ಕ ಅಂಕಿಗಳನ್ನೇ ಹೇಳಿ, ಅರ್ಧ ಮಿ.ಗ್ರಾಂ. ಹಚ್ಚಿದರೆ ಯಾವುದೂ ಚೆನ್ನಾಗಿಯೇ ಕಾಣುತ್ತದೆ.