ಪುಟ್ಟ ರತ್ನಗಂಬಳಿಯ ಅಂಚು ನಾಲ್ಕೂ ಮೂಲೆಯಲ್ಲಿ ಕೂಡಬೇಕಾದರೆ?

ಪ್ರಶ್ನೆ: ಗೊಂಬೆಮನೆಗೆ ಅಂತ ಕೈಯಲ್ಲೇ ಒಂದು ಪುಟ್ಟ ರತ್ನಗಂಬಳಿ ಹೊಲಿಯುತ್ತಿದ್ದೇನೆ. 18 ಕೌಂಟ್ ಕ್ಯಾನ್ವಾಸ್ (ಇಂಚಿಗೆ 18 ಹೊಲಿಗೆ ಬರುವ ಜಾಲರಿ ಬಟ್ಟೆ), 4 ಇಂಚು ಅಗಲ, 6 ಇಂಚು ಉದ್ದ. ನಡುವಿನ ದೊಡ್ಡ ಹೂವು ಮುಗಿದಿದೆ. ಅಂಚಿನ ಹೂಬಳ್ಳಿ ಮೂರು ಮೂಲೆ ಚೆನ್ನಾಗಿ ತಿರುಗಿ, ನಾಲ್ಕನೆಯದರಲ್ಲಿ ಅರ್ಧ ಹೂವಿಗೇ ನಿಂತುಬಿಟ್ಟಿತು. ಎರಡು ಸಲ ಬಿಚ್ಚಿದೆ. ನೀವೆಲ್ಲ ಮೊದಲೇ ಹೇಗೆ ಲೆಕ್ಕ ಹಾಕಿಕೊಳ್ಳುತ್ತೀರಿ?

ಉತ್ತರ: ನನ್ನ ಮೊದಲ ಗಂಬಳಿಗೂ ಹೀಗೇ ಆಗಿತ್ತು. ಗಂಬಳಿಯ ಅಳತೆಯನ್ನು ಮೊದಲೇ ಗಟ್ಟಿ ಮಾಡಿಕೊಂಡು, ಆಮೇಲೆ ಅಂಚನ್ನು ಅದರೊಳಗೆ ತುರುಕಲು ಹೋಗಿದ್ದೆ. ಈಗ ಅಂಚು ಎಷ್ಟು ಜಾಗ ಕೇಳುತ್ತದೋ ಗಂಬಳಿಗೆ ಅಷ್ಟೇ ಅಳತೆ ಇಡುತ್ತೇನೆ.

ನಿಮ್ಮದನ್ನೇ ತಗೊಳ್ಳಿ. ಇಂಚಿಗೆ 18 ಹೊಲಿಗೆ, ಅಂದರೆ 72 × 108. ಮೂಲೆಗೊಂದು 12 × 12ರ ಚೌಕ ಬಿಟ್ಟರೆ ಬದಿಗಳಲ್ಲಿ ಉಳಿಯುವುದು 48 ಮತ್ತು 84. ಒಂದು ಹೂವಿಗೆ 11 ಹೊಲಿಗೆ, ಪಕ್ಕದ ಸಂದಿಗೆ 1. ಒಟ್ಟು 12. ಅಗಲಕ್ಕೆ 4 ಹೂವು, ಉದ್ದಕ್ಕೆ 7. ಸರಿಯಾಗಿ ಕೂತಿತು ಅನಿಸುತ್ತದೆ, ಅಲ್ವಾ? ನಾನು ಎಡವಿದ್ದು ಇಲ್ಲೇ. 7 ಹೂವಿಗೆ ಎರಡೂ ತುದಿ ಸೇರಿ ಸಂದು 8 ಬೇಕು. ಬೇಲಿಗೆ ಕಂಬ ಒಂದು ಜಾಸ್ತಿ ಬೇಕಾಗುವ ಹಾಗೆ. ಆ ಒಂದನ್ನು ಸೇರಿಸಿದರೆ 49 ಮತ್ತು 85, ಇಡೀ ಗಂಬಳಿ 73 × 109. ಒಂದು ಹೊಲಿಗೆ ಅಂದರೆ ಸುಮಾರು 1.4 ಮಿಲಿಮೀಟರ್. ಗಂಬಳಿ ಅಷ್ಟು ದೊಡ್ಡದಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧ ಹೂವು ಮಾತ್ರ ಬಿದ್ದೇ ಬೀಳುತ್ತದೆ.

ಇನ್ನೊಂದು ಮುಖ್ಯ ವಿಷಯ. ನಡುವಿನ ಹೂವು ಮುಗಿದಿದೆ ಅಂದಿರಿ. ಅದರ ನಟ್ಟನಡುವೆ ಒಂದು ಹೊಲಿಗೆ ಇದೆಯೋ, ಎರಡು ಹೊಲಿಗೆಗಳ ನಡುವಿನ ಗೆರೆ ಇದೆಯೋ ನೋಡಿ. ಹೊಲಿಗೆ ಇದ್ದರೆ ಮೇಲಿನ ಬೆಸ ಲೆಕ್ಕ ಸರಿ. ಗೆರೆ ಇದ್ದರೆ ಒಟ್ಟು ಸಮ ಸಂಖ್ಯೆ ಬರಬೇಕು. ಆಗ ಹೂವು 10, ಸಂದು 2 ಮಾಡಿ. 74 × 110 ಬರುತ್ತದೆ. ಇದನ್ನು ನೋಡದೆ ಹೋದರೆ ಅಂಚು ಕೂಡುತ್ತದೆ, ಆದರೆ ನಡುವಿನ ಹೂವು ಒಂದು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ.

ಉತ್ತರ: ಬಳ್ಳಿ ಅಂದಿರಲ್ಲ, ಅದಕ್ಕೊಂದು ಮಾತು. ಹೂವಿನ ಲೆಕ್ಕ ಸರಿಯಿದ್ದರೂ ಬಳ್ಳಿ ಕೈ ಕೊಡಬಹುದು. ಒಂದೇ ದಿಕ್ಕಿಗೆ ಹರಿಯುವ ಬಳ್ಳಿ ಒಂದು ಮೂಲೆಯನ್ನು ಒಳಗೆ ಬಾಗಿ ಬಿಟ್ಟು, ಮುಂದಿನ ಮೂಲೆಯನ್ನು ಹೊರಗೆ ಬಾಗಿ ಮುಟ್ಟುತ್ತದೆ. ಪ್ರತಿ ಬದಿಯ ನಡುವಿನಲ್ಲಿ ಬಳ್ಳಿಯ ದಿಕ್ಕು ಬದಲಿಸಿ. ಎರಡೂ ಕಡೆಯಿಂದ ಬಂದ ಬಳ್ಳಿ ಅಲ್ಲಿ ಒಂದು ಹೂವಿನಲ್ಲೋ ಎಲೆಯಲ್ಲೋ ಕೂಡಲಿ. ಮೂಲೆ ಹೇಗೆ ಕಾಣುತ್ತದೆ ಅಂತ ನೋಡಲು ಗ್ರಾಫ್ ಹಾಳೆಯ ಮೇಲೆ ಬಳ್ಳಿಗೆ ಅಡ್ಡವಾಗಿ, 45 ಡಿಗ್ರಿ ಓರೆಯಲ್ಲಿ ಪುಟ್ಟ ಕನ್ನಡಿ ನಿಲ್ಲಿಸಿ. ಕನ್ನಡಿಯನ್ನು ಒಂದೊಂದೇ ಮನೆ ಸರಿಸುತ್ತಾ ಹೋದರೆ ಚೆಂದದ ಮೂಲೆ ತಾನಾಗಿಯೇ ಸಿಗುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಖುಷಿ ಕೊಡುವುದು ಇದೇ.

ಉತ್ತರ: ಹಾಳೆಯ ಮೇಲೆ ಸರಿಯಿದ್ದರೂ ಬಟ್ಟೆಯ ಮೇಲೆ ಎಣಿಕೆ ತಪ್ಪುತ್ತದೆ. ಅಂಚಿನ ಹೊರಗೆರೆ, ಒಳಗೆರೆ ಎರಡನ್ನೂ ಮೊದಲೇ ಒಂದೊಂದು ಸಾಲು ಹೊಲಿದುಬಿಡಿ. ಮೂಲೆಯ 12ರಲ್ಲಿ ಅವೂ ಸೇರಿರಲಿ. ಗೆರೆ ಸುತ್ತಿ ಬಂದು ಹೊರಟ ಜಾಗಕ್ಕೇ ಕೂಡಿದರೆ ಮಾತ್ರ ಹೂವಿಗೆ ಕೈ ಹಾಕಿ. ಕೂಡದಿದ್ದರೆ ಬಿಚ್ಚಬೇಕಾದ್ದು ಒಂದು ಸಾಲು ಅಷ್ಟೇ.

ಪ್ರಶ್ನೆ ಕೇಳಿದವರು: ನಡುವಿನ ಹೂವಿನ ಮಧ್ಯೆ ಒಂದು ಹೊಲಿಗೆಯೇ ಇದೆ. ಹಳೆಯ ಅಂಚು ಪೂರ್ತಿ ಬಿಚ್ಚಿ 73 × 109ಕ್ಕೆ ಎರಡೂ ಗೆರೆ ಹಾಕಿದೆ. ಎರಡೂ ಕೂಡಿದವು! ಕನ್ನಡಿ ಇಟ್ಟು ಮೂಲೆ ಹುಡುಕುತ್ತಿದ್ದೇನೆ. ಮೂಲೆಗೆ ಹೂವು ಬೇಕೋ ಎಲೆ ಬೇಕೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.